ಕಿ.ಮೀ. ಆಗಿಲ್ಲ ಅಂತ ಸರ್ವಿಸ್ ಮುಂದೂಡಬೇಡಿ: ಕಾರು ಬಾಳಿಕೆ ಬರಲು ಏನು ಮಾಡಬೇಕು?

ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಸಂತೆಗೆ ಓಡುವ ಕಾರಿಗೆ ಸರ್ವಿಸ್ ಯಾಕೆ ಅಂತ ಕೇಳುವವರು ಬಹಳ. ಈಗಿನ ಬಹುತೇಕ ಪೆಟ್ರೋಲ್ ಕಾರುಗಳಿಗೆ ಕಂಪನಿಯವರು ಹೇಳುವ ಲೆಕ್ಕ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಎರಡು-ಮೂರು ಕಿ.ಮೀ. ಓಡಿಸಿ ನಿಲ್ಲಿಸಿದರೆ ಎಂಜಿನ್ ಸರಿಯಾಗಿ ಬಿಸಿಯೇ ಆಗಲ್ಲ. ನೀರಿನಂಶ ಆಯಿಲ್‌ನಲ್ಲೇ ಉಳಿದು ಅದನ್ನು ಬೇಗ ಕೆಡಿಸುತ್ತದೆ. ಆಯಿಲ್ ಜೊತೆ ಅದರ ಫಿಲ್ಟರ್ ಕೂಡ ಬದಲಿಸಬೇಕು. ಧೂಳಿನ ರಸ್ತೆಯಲ್ಲಿ ಓಡಾಡುವವರು ಏರ್ ಫಿಲ್ಟರನ್ನೂ ಆಗಾಗ ತೆಗೆಸಿ ನೋಡಬೇಕು.

ಆಯಿಲ್ ಮಟ್ಟ ನೋಡಲು ಮೆಕ್ಯಾನಿಕ್ ಬೇಕಿಲ್ಲ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಡಿಪ್‌ಸ್ಟಿಕ್ ಒರೆಸಿ ಮತ್ತೆ ಅದ್ದಿ ತೆಗೆದರೆ ಎರಡು ಗುರುತುಗಳ ನಡುವೆ ಇರಬೇಕು. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ಲೂ ಬೇಗ ಕಪ್ಪಾಗುತ್ತೆ, ಅದಕ್ಕೆ ಗಾಬರಿ ಬೇಡ.

ಕೂಲೆಂಟ್ ಬದಲು ಬೋರ್‌ವೆಲ್ ನೀರು ಸುರಿಯುವುದು ನಮ್ಮಲ್ಲಿ ಮಾಮೂಲು. ಗಡಸು ನೀರಿನಿಂದ ರೇಡಿಯೇಟರ್ ಒಳಗೆ ಉಪ್ಪು ಕಟ್ಟಿ, ಎಂಜಿನ್ ಹೀಟಾಗಿ, ಹೆಡ್ ಗ್ಯಾಸ್ಕೆಟ್ ಹೋದರೆ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಖರ್ಚು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಲೇಬಾರದು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಟೈಮಿಂಗ್ ಬೆಲ್ಟ್ ಬಗ್ಗೆ ಮೊದಲು ವಿಚಾರಿಸಬೇಕು. ಹಲವು ಕಾರುಗಳಲ್ಲಿ ಚೈನ್ ಇರುತ್ತದೆ. ಬೆಲ್ಟ್ ಇದ್ದು, ಬದಲಿಸಿದ ದಾಖಲೆ ಇಲ್ಲದಿದ್ದರೆ ಹೊಸದು ಹಾಕಿಸುವುದೇ ವಾಸಿ. ಓಡುವಾಗ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ಬ್ರೇಕ್ ಆಯಿಲ್ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಟೈರಿನ ಗಾಡಿ 1.6 ಮಿ.ಮೀ.ಗಿಂತ ಸವೆಯಬಾರದು. ಗಾಳಿ ಎಷ್ಟಿರಬೇಕು ಅನ್ನುವುದು ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲ ಬಳಿಯ ಸ್ಟಿಕರ್‌ನಲ್ಲೇ ಇರುತ್ತದೆ.