ನಲವತ್ತು ವರ್ಷದ ಪ್ರತಿನಿಧಿ

ರಾಷ್ಟ್ರಾಧ್ಯಕ್ಷರ ಚರಿತ್ರೆಯನ್ನು ಬರೆಯುವವರು ಬಹಳ ಮಂದಿ. ಜಿಲ್ಲೆಯ ಪ್ರತಿನಿಧಿಯ ಚರಿತ್ರೆಯನ್ನು ಬರೆಯುವವರು ವಿರಳ. ಅಮೆರಿಕದಲ್ಲಿ ‘ಕೌಂಟಿ’ ಎಂದರೆ ಸುಮಾರಾಗಿ ನಮ್ಮ ಜಿಲ್ಲೆಯೇ. ಲಾಸ್ ಏಂಜಲೀಸ್ ಕೌಂಟಿಯ ಆಡಳಿತ ಐವರು ಚುನಾಯಿತ ಸದಸ್ಯರ ಮಂಡಲಿಯದು. ಕೆನೆತ್ ಹಾನ್ 1952ರಲ್ಲಿ ಅದಕ್ಕೆ ಆರಿಸಿಬಂದು 1992ರವರೆಗೂ ಸದಸ್ಯರಾಗಿದ್ದರು. ಬಿಳಿಯರಾದ ಅವರನ್ನು ಮತ್ತೆ ಮತ್ತೆ ಗೆಲ್ಲಿಸಿದ ಕ್ಷೇತ್ರದಲ್ಲಿ ಕಪ್ಪು ಜನರು ಬಹಳವಾಗಿದ್ದರು.

1965ರ ಆಗಸ್ಟಿನಲ್ಲಿ ಆ ಕ್ಷೇತ್ರದ ವಾಟ್ಸ್ ಬಡಾವಣೆಯಲ್ಲಿ ದಂಗೆಯೆದ್ದು 34 ಮಂದಿ ಸತ್ತರು. ಅಲ್ಲಿಗೆ ಆಸ್ಪತ್ರೆ ಬೇಕೆಂದು ವಿಚಾರಣಾ ಆಯೋಗವೇ ಹೇಳಿತು. ಅದಕ್ಕಾಗಿ ಸಾಲವೆತ್ತುವ ಪ್ರಸ್ತಾವಕ್ಕೆ 1966ರಲ್ಲಿ ಬಹುಮತವೇನೋ ಬಂತು. ಆದರೆ ಕಾನೂನು ಕೇಳುವ ಮೂರರಲ್ಲಿ ಎರಡು ಪಾಲು ಮತ ಬೀಳಲಿಲ್ಲ. ಹಾನ್ ಕೈಬಿಡಲಿಲ್ಲ. ಹಣಕ್ಕೆ ಬೇರೆ ದಾರಿ ಸಿಕ್ಕಿ, 1972ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರಿನ ಆಸ್ಪತ್ರೆ ಬಾಗಿಲು ತೆರೆಯಿತು.

ಹಾನ್ 1997ರಲ್ಲಿ ತೀರಿಕೊಂಡರು. ಹತ್ತು ವರ್ಷ ಕಳೆಯುವಷ್ಟರಲ್ಲಿ, ಆರೈಕೆಯ ಲೋಪಗಳಿಂದ ಫೆಡರಲ್ ಸರ್ಕಾರದ ನೆರವು ತಪ್ಪಿ, ಆಸ್ಪತ್ರೆಯನ್ನು ಮುಚ್ಚಬೇಕಾಯಿತು. ಹೊಸ ಆಸ್ಪತ್ರೆ ತೆರೆದದ್ದು 2015ರಲ್ಲಿ. ಆ ನಡುವಣ ಎಂಟು ವರ್ಷ ಅಲ್ಲಿನ ರೋಗಿಗಳು ದೂರದ ಆಸ್ಪತ್ರೆಗಳಿಗೆ ಅಲೆದರು. ಕಟ್ಟಿಸುವುದು ಒಬ್ಬರ ಛಲದಿಂದ ಆದೀತು. ಕಟ್ಟಿದ್ದನ್ನು ನಡೆಸುವ ಹೊಣೆ ಆಮೇಲೆ ಬಂದವರೆಲ್ಲರದು.