ಹುಚ್ಚಾಸ್ಪತ್ರೆಯಿಂದ ಬಂದ ಅಕ್ಷರ

ಬೆಂಗಳೂರು, ಮೈಸೂರು ಬಿಡಿ, ಈಗ ತಾಲ್ಲೂಕು ಕೇಂದ್ರಗಳಲ್ಲೂ 'ಮಾಂಟೆಸ್ಸರಿ' ಎಂಬ ಬೋರ್ಡು ನೇತಾಡುತ್ತದೆ. ಒಳಗೆ ಉಳ್ಳವರ ಮಕ್ಕಳು. ಶೂ, ಟೈ, ವ್ಯಾನು, ಇಂಗ್ಲಿಷು. ಮಾತು ಬಾರದ, ಜೊಲ್ಲು ಸುರಿಸುವ, ಕೂತಲ್ಲಿ ಕೂರದ ಒಂದು ಮಗುವನ್ನು ಕರಕೊಂಡು ಆ ಬಾಗಿಲಲ್ಲಿ ನಿಂತು ನೋಡಿ. 'ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲಮ್ಮ' ಎಂಬ ಉತ್ತರ ಎಷ್ಟು ತಾಯಂದಿರ ಕಿವಿಗೆ ಬಿದ್ದಿಲ್ಲ? ಚರಿತ್ರೆ ಗೊತ್ತಿದ್ದವನಿಗೆ ಈ ಉತ್ತರ ಕೇಳಿ ನಗು ಬರಬೇಕು, ಇಲ್ಲಾ ಸಿಟ್ಟು ಬರಬೇಕು. ಆ ಶಾಲೆಯ ಕಪಾಟಿನಲ್ಲಿ ಜೋಡಿಸಿಟ್ಟ ಅಕ್ಷರಗಳು ಮೊದಲು ತಯಾರಾದದ್ದೇ 'ಇಂಥ ಮಕ್ಕಳಿ'ಗಾಗಿ.

ಯುರೋಪಿನ ಈ ಕತೆ ನಮಗ್ಯಾಕೆ ಅಂತ ಗೆಳೆಯರು ಕೇಳಬಹುದು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದ ಧರ್ಮಸೂತ್ರವನ್ನು ನಾವು ಮರೆತಿಲ್ಲ. ಅದೇ ಪರಂಪರೆಯ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹುಟ್ಟುಕುರುಡ, ಕಿವುಡ, ಮೂಗ, ಹುಚ್ಚ, ಜಡ ಇವರಿಗೆಲ್ಲ ಆಸ್ತಿಯಲ್ಲಿ ಪಾಲಿಲ್ಲ ಅನ್ನುತ್ತದೆ. ಹನ್ನೊಂದನೆಯ ಅಧ್ಯಾಯ ಅದಕ್ಕೆ ಕಾರಣ ಕೊಡುತ್ತದೆ: ಹಿಂದಿನ ಜನ್ಮದ ಪಾಪ. ಹೊಲಗೇರಿಯಲ್ಲಿ ಹುಟ್ಟಿದ್ದಕ್ಕೂ ಪಾಪ, ಮೂಗನಾಗಿ ಹುಟ್ಟಿದ್ದಕ್ಕೂ ಪಾಪ. ಎರಡಕ್ಕೂ ಒಂದೇ ಲೆಕ್ಕದ ಪುಸ್ತಕ. ೧೯೨೭ರ ಡಿಸೆಂಬರ್ ೨೫ರಂದು ಮಹಾಡದಲ್ಲಿ ಬಾಬಾಸಾಹೇಬರು ಸುಡಿಸಿದ್ದು ಈ ಪುಸ್ತಕವನ್ನೇ. ಹಾಗಾಗಿ ಅಕ್ಷರದಿಂದ ದೂರ ಇಟ್ಟ ಈ ಇನ್ನೊಂದು ಕೇರಿಯ ಚರಿತ್ರೆಯೂ ನಮಗೆ ಗೊತ್ತಿರಬೇಕು.

೧೮೦೦ನೇ ಇಸವಿ ಜನವರಿ. ದಕ್ಷಿಣ ಫ್ರಾನ್ಸಿನ ಅವೆರೋನ್ ಸೀಮೆಯ ಕಾಡಂಚಿನ ಊರಲ್ಲಿ ಒಬ್ಬ ಹುಡುಗ ಸಿಕ್ಕಿಬಿದ್ದ. ಹನ್ನೊಂದೋ ಹನ್ನೆರಡೋ ವಯಸ್ಸು. ಮಾತಿಲ್ಲ. ಮೈತುಂಬ ಗಾಯದ ಕಲೆ, ಕುತ್ತಿಗೆಯಲ್ಲಿ ಒಂದು ದೊಡ್ಡದು. ಆಗಸ್ಟಿನಲ್ಲಿ ಪ್ಯಾರಿಸ್ಸಿಗೆ ತಂದರು. ಜನ ಮುಗಿಬಿದ್ದು ನೋಡಿದರು, ನಮ್ಮ ಜಾತ್ರೆಯಲ್ಲಿ ಕರಡಿ ನೋಡಿದ ಹಾಗೆ. ಪಿನೆಲ್ ಎಂಬ ಆ ಕಾಲದ ಅತಿದೊಡ್ಡ ವೈದ್ಯ, ಹುಚ್ಚರ ಸರಪಳಿ ಬಿಚ್ಚಿಸಿದವನೆಂದು ಹೆಸರಾದವನು, ಹುಡುಗನನ್ನು ಪರೀಕ್ಷಿಸಿ ಇವನು 'ಈಡಿಯಟ್', ವಾಸಿಯಾಗುವಂಥದ್ದಲ್ಲ ಎಂದು ಬರೆದುಕೊಟ್ಟ. ಆಗ ಅದು ಬೈಗುಳ ಆಗಿರಲಿಲ್ಲ, ರೋಗದ ಹೆಸರು. ಆದರೂ ಸರಪಳಿ ಬಿಚ್ಚಿಸಿದ ಕೈಯೇ ಇಲ್ಲಿ ಬಾಗಿಲು ಹಾಕಿತು ನೋಡಿ.

ಇಪ್ಪತ್ತಾರು ವರ್ಷದ ಇನ್ನೊಬ್ಬ ವೈದ್ಯ ಇದನ್ನು ಒಪ್ಪಲಿಲ್ಲ. ಇತಾರ್ ಅಂತ ಅವನ ಹೆಸರು, ಪ್ಯಾರಿಸ್ಸಿನ ಕಿವುಡ ಮೂಗರ ಸಂಸ್ಥೆಯಲ್ಲಿ ಕೆಲಸ. ಹುಡುಗನನ್ನು ತೆಗೆದುಕೊಂಡು ವಿಕ್ತೊರ್ ಎಂದು ಹೆಸರಿಟ್ಟ. ಉಣ್ಣಿಸಿ, ತೊಳೆದು, ಹಾಸಿಗೆ ಒದ್ದೆಯಾದರೆ ಬದಲಿಸಿ ನೋಡಿಕೊಂಡವಳು ಮದಾಂ ಗೆರ್ಯಾಂ. ಇತಾರ್ ೧೮೦೧ರಲ್ಲಿ ಒಂದು, ೧೮೦೬ರಲ್ಲಿ ಒಂದು ವರದಿ ಬರೆದ, ಲೋಕಪ್ರಸಿದ್ಧನಾದ. ಗೆರ್ಯಾಂ ಬರೆದ ವರದಿ ಇಲ್ಲ. ಆಯಾಗಳು ವರದಿ ಬರೆಯುವುದಿಲ್ಲವಲ್ಲ!

ಇತಾರ್ ಮಾಡಿದ್ದಿಷ್ಟು. ವಸ್ತುವಿನ ಚಿತ್ರ ಬರೆದು ಅದರ ಮೇಲೆ ವಸ್ತುವನ್ನು ತೂಗುಹಾಕಿಸಿದ. ಬಣ್ಣಕ್ಕೆ ಬಣ್ಣ, ಆಕಾರಕ್ಕೆ ಆಕಾರ ಹೊಂದಿಸಲು ಕಲಿಸಿದ. ಆಮೇಲೆ ರಟ್ಟಿನಲ್ಲಿ ಅಕ್ಷರ ಮಾಡಿ, ಮನೆಮನೆ ಇದ್ದ ಹಲಗೆಯಲ್ಲಿ ಜೋಡಿಸಲು ಕೊಟ್ಟ. ವಿಕ್ತೊರ್‌ಗೆ ಹಾಲೆಂದರೆ ಪ್ರಾಣ. ಫ್ರೆಂಚಿನಲ್ಲಿ ಹಾಲಿಗೆ ನಾಲ್ಕು ಅಕ್ಷರ. ಆ ನಾಲ್ಕನ್ನು ಸಾಲಾಗಿಟ್ಟರೆ ಹಾಲು ಬರುತ್ತದೆಂದು ತೋರಿಸಿದರು. ಮೊದಲ ಸಲ ಹುಡುಗ ಹಿಂದುಮುಂದಾಗಿ ಇಟ್ಟ. ಐದಾರು ಸಲಕ್ಕೆ ಸರಿಯಾಯಿತು. ಒಂದು ವಾರ ಕಳೆದಿರಬೇಕು, ಸಂಜೆ ದಿನಾ ಹಾಲು ಕುಡಿಯುವ ಒಂದು ಮನೆಗೆ ಹೊರಟಾಗ ಯಾರೂ ಹೇಳದೆ ಆ ನಾಲ್ಕು ಅಕ್ಷರಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡ. ಆ ಮನೆಗೆ ಹೋದವನೇ ಮೇಜಿನ ಮೇಲೆ ಜೋಡಿಸಿಟ್ಟ.

ನನ್ನ ಮಟ್ಟಿಗೆ ಅಕ್ಷರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಕಮ್ಮಿ. ಬಾಯಿಲ್ಲದ ಹುಡುಗ ತನ್ನ ಮಾತನ್ನು ಜೇಬಿನಲ್ಲಿಟ್ಟುಕೊಂಡು ಹೋದ.

ಮುಂದಿನ ವರ್ಷಗಳಲ್ಲಿ ಬರೆದ ಪದ ನೋಡಿ ಪಕ್ಕದ ಕೋಣೆಯಿಂದ ಆ ವಸ್ತುವನ್ನು ತಂದುಕೊಡುವ ಮಟ್ಟಕ್ಕೆ ವಿಕ್ತೊರ್ ಬೆಳೆದ. ಇತಾರನಿಗೆ ಮಾತ್ರ ಸಮಾಧಾನ ಇಲ್ಲ. ಅವನಿಗೆ ಬೇಕಾಗಿದ್ದದ್ದು ಬಾಯಿಮಾತು. ಅದು ಬರಲಿಲ್ಲ. ಅದೇ ಕಟ್ಟಡದಲ್ಲಿ ಕಿವುಡ ಮಕ್ಕಳು ಕೈಸನ್ನೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆ ಭಾಷೆಯನ್ನು ವಿಕ್ತೊರ್‌ಗೆ ಕಲಿಸಲಿಲ್ಲ. ಐದು ವರ್ಷದ ಮೇಲೆ ಪಾಠ ನಿಂತಿತು. ಹುಡುಗ ಗೆರ್ಯಾಂ ಜೊತೆಗೇ ಉಳಿದು ೧೮೨೮ರಲ್ಲಿ ತೀರಿಕೊಂಡ. ಪುಸ್ತಕಗಳು ಇದನ್ನು ಸೋತ ಪ್ರಯೋಗ ಅನ್ನುತ್ತವೆ. ಸೋತವರು ಯಾರು?

ಇತಾರನ ಕೊನೆಗಾಲದಲ್ಲಿ ಅವನ ಕೈಕೆಳಗೆ ಕಲಿತವನು ಎದುವಾರ್ ಸೆಗ್ಯಾಂ. ಸಮಾಜವಾದದ ಗಾಳಿ ಕುಡಿದವನು. ೧೮೪೦ರ ದಶಕದಲ್ಲಿ ಬಿಸೆತ್ರ್ ಹುಚ್ಚಾಸ್ಪತ್ರೆಯ ಮಕ್ಕಳಿಗೆ ಪಾಠ ಮಾಡಿದ, ೧೮೪೬ರಲ್ಲಿ ಪುಸ್ತಕ ಬರೆದ, ಆಮೇಲೆ ದೇಶ ಬಿಟ್ಟು ಅಮೆರಿಕಾ ಸೇರಿದ. ಅವನ ಹಾದಿ ಕೈಯಿಂದ ತಲೆಗೆ. ಮೊದಲು ನೆಟ್ಟಗೆ ಒಂದು ಗೆರೆ, ಆಮೇಲೆ ಅಡ್ಡಗೆರೆ, ಓರೆಗೆರೆ, ಬಾಗುಗೆರೆ, ಆಮೇಲೆ ಅಕ್ಷರ. ಬರೆದು ಓದಬೇಕು ಎಂಬುದು ಅವನ ಕ್ರಮ. ನಮ್ಮ ಕೂಲಿಮಠಗಳಲ್ಲೂ ಮರಳ ಮೇಲೆ ಬೆರಳಾಡಿಸಿಯೇ ಅಕ್ಷರ ತಿದ್ದಿಸುತ್ತಿದ್ದರು ನಿಜ. ಆ ಮರಳನ್ನು ಮುಟ್ಟಿದ ಬೆರಳುಗಳಲ್ಲಿ ನಮ್ಮ ತಾತಂದಿರ ಬೆರಳು ಎಷ್ಟಿದ್ದವು ಅನ್ನುವುದು ಬೇರೆ ಪ್ರಶ್ನೆ.

ಈಗ ಮರಿಯಾ ಮಾಂಟೆಸ್ಸರಿ. ೧೮೯೬ರಲ್ಲಿ ರೋಮಿನಲ್ಲಿ ವೈದ್ಯ ಪದವಿ ಪಡೆದಳು. ಹುಚ್ಚಾಸ್ಪತ್ರೆಗಳಿಗೆ ಹೋದಾಗ ಬುದ್ಧಿ ಬೆಳೆಯದ ಮಕ್ಕಳನ್ನು ದೊಡ್ಡ ಹುಚ್ಚರ ಜೊತೆಗೇ ಕೂಡಿಹಾಕಿದ್ದನ್ನು ಕಂಡಳು. ಊಟವಾದ ಮೇಲೆ ಆ ಮಕ್ಕಳು ನೆಲದ ಮೇಲಿನ ರೊಟ್ಟಿಯ ಚೂರು ಹೆಕ್ಕುತ್ತಿದ್ದವಂತೆ. ಕಾವಲಿನವಳು ಅಸಹ್ಯಪಟ್ಟು ಹೊಟ್ಟೆಬಾಕತನ ಅಂದಳಂತೆ. ಆ ಖಾಲಿ ಕೋಣೆಯಲ್ಲಿ ಕೈಗೆ ಹಿಡಿಯಲು ಬೇರೇನೂ ಇಲ್ಲ, ಅದಕ್ಕೆ ಹೆಕ್ಕುತ್ತಿವೆ ಅಂತ ಮಾಂಟೆಸ್ಸರಿಗೆ ಹೊಳೆಯಿತೆಂದು ಅವಳ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಇತಾರ್, ಸೆಗ್ಯಾಂ ಇಬ್ಬರ ಬರಹವನ್ನೂ ಕೈಯಾರೆ ಇಟಾಲಿಯನ್ನಿಗೆ ಬರೆದುಕೊಂಡಳು. ೧೯೦೦ರಲ್ಲಿ ರೋಮಿನಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ಶಾಲೆ ತೆರೆದಾಗ, ಮೊಂತೆಸಾನೊ ಎಂಬ ವೈದ್ಯನೊಂದಿಗೆ ಅದನ್ನು ನಡೆಸಿದಳು.

ಅಲ್ಲಿ ಮರದ ಅಕ್ಷರ ಮಾಡಿಸಿದಳು. ಸ್ವರಕ್ಕೆ ಕೆಂಪು ಬಣ್ಣ, ವ್ಯಂಜನಕ್ಕೆ ನೀಲಿ. ಮಕ್ಕಳು ಅವುಗಳ ಮೇಲೆ ಬೆರಳಾಡಿಸಿದರು, ಆಡುತ್ತಾ ಆಡುತ್ತಾ ಕೈಗೆ ಅಕ್ಷರದ ದಾರಿ ಹಿಡಿಯಿತು. ಶಾಲೆಗಳು ಕೈಚೆಲ್ಲಿದ ಮಕ್ಕಳು, ಹುಚ್ಚಾಸ್ಪತ್ರೆಯಿಂದ ಬಂದ ಮಕ್ಕಳು ಓದಿದರು, ಬರೆದರು. ಕೆಲವರು ಸರ್ಕಾರಿ ಶಾಲೆಯ ಪರೀಕ್ಷೆಗೆ ಕೂತು, ಉಳಿದ ಮಕ್ಕಳ ಸಮಕ್ಕೆ ಪಾಸಾದರು. ಊರೆಲ್ಲ ಪವಾಡ ಅಂದಿತು.

ಚರಿತ್ರೆ ಹೊರಳಿದ್ದು ಇಲ್ಲಿ. ಎಲ್ಲರೂ ಆ ಮಕ್ಕಳನ್ನು ಹೊಗಳುತ್ತಿದ್ದಾಗ ಮಾಂಟೆಸ್ಸರಿಯ ತಲೆಯಲ್ಲಿ ಇದ್ದದ್ದು ಬೇರೆ: ಇವರೇ ಇಷ್ಟು ಕಲಿತರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಯಾಕೆ ಇಷ್ಟು ಕೆಳಗೆ ಇಟ್ಟಿವೆ? ಇದನ್ನು ಅವಳೇ ಬರೆದುಕೊಂಡಿದ್ದಾಳೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪ್ರಶ್ನೆಯ ಜೊತೆಗೆ ೧೯೦೧ರಲ್ಲಿ ಅವಳು ಆ ಶಾಲೆ ಬಿಟ್ಟು ನಡೆದಳು. ಪಾಸಾದ ಮಕ್ಕಳು ಏಣಿಯಾದರು. ಹತ್ತಿದ ಮೇಲೆ ಏಣಿಯನ್ನು ಯಾರು ಹಿಂತಿರುಗಿ ನೋಡುತ್ತಾರೆ?

೧೯೦೭ರ ಜನವರಿ ೬ರಂದು ರೋಮಿನ ಸ್ಯಾನ್ ಲೊರೆಂಜೊ ಎಂಬ ಕೂಲಿಗಾರರ ಕೇರಿಯಲ್ಲಿ ಅವಳ 'ಮಕ್ಕಳ ಮನೆ' ಶುರುವಾಯಿತು. ಅಪ್ಪ ಅವ್ವ ಕೂಲಿಗೆ ಹೋದ ಮೇಲೆ ಮಕ್ಕಳು ಗೋಡೆ ಮೆಟ್ಟಿಲು ಹಾಳುಮಾಡುತ್ತವೆ, ರಿಪೇರಿ ಖರ್ಚಿಗಿಂತ ಒಂದು ಕೋಣೆ ಕೊಡುವುದೇ ಲಾಭ ಎಂದು ಕಟ್ಟಡದ ಕಂಪನಿ ಲೆಕ್ಕ ಹಾಕಿತ್ತು. ಬಂಡವಾಳದ ಕರುಣೆ ಅಂದರೆ ಇಷ್ಟೇ. ಬಣ್ಣದ ಮರದ ಅಕ್ಷರಕ್ಕೆ ಇಲ್ಲಿ ದುಡ್ಡಿಲ್ಲ. ಆಗ ಬಡಗಿಗಳು ಮರ ಉಜ್ಜುವ ಉಪ್ಪುಕಾಗದ ಕತ್ತರಿಸಿ, ಅಕ್ಷರ ಮಾಡಿ, ನುಣುಪು ರಟ್ಟಿಗೆ ಅಂಟಿಸಿದಳು. ಮಕ್ಕಳ ಬೆರಳಿಗೆ ಇದು ಇನ್ನೂ ಚೆನ್ನಾಗಿ ತಾಕಿತು. ಆ ವರ್ಷದ ಡಿಸೆಂಬರಿನಲ್ಲಿ ಮಾಳಿಗೆಯ ಮೇಲೆ ಹೊಗೆಕೊಳವೆಯ ಚಿತ್ರ ಬರೆಯುತ್ತಿದ್ದ ಐದು ವರ್ಷದ ಹುಡುಗನೊಬ್ಬ 'ನಂಗೆ ಬರೆಯೋಕೆ ಬರುತ್ತೆ' ಅಂತ ಕೂಗಿ ಸೀಮೆಸುಣ್ಣದಲ್ಲಿ ಒಂದು ಪದ ಬರೆದ. ಅವನು ಬರೆದ ಮೊದಲ ಪದ 'ಕೈ'.

ಹುಚ್ಚಾಸ್ಪತ್ರೆಯ ಮಕ್ಕಳಿಂದ ಕೂಲಿಗಾರರ ಮಕ್ಕಳಿಗೆ ಬಂದ ಈ ಅಕ್ಷರ ಅಲ್ಲೇ ನಿಲ್ಲಲಿಲ್ಲ. ೧೯೦೯ರಲ್ಲಿ ಪುಸ್ತಕ ಬಂತು, ಸಾಹುಕಾರರ ಮನೆಗಳು ಬಾಗಿಲು ತೆರೆದವು. ೧೯೩೯ರಲ್ಲಿ ಥಿಯೊಸಾಫಿಕಲ್ ಸೊಸೈಟಿ ಕರೆದದ್ದರಿಂದ ಮಾಂಟೆಸ್ಸರಿ ಮದರಾಸಿನ ಅಡ್ಯಾರಿಗೆ ಬಂದಳು. ಯುದ್ಧದ ಕಾಲವಾದ್ದರಿಂದ ಇಲ್ಲೇ ಸಿಕ್ಕಿಕೊಂಡು, ಕೊಡೈಕೆನಾಲಿನಲ್ಲೂ ಇದ್ದು, ೧೯೪೬ರವರೆಗೆ ಉಪಾಧ್ಯಾಯರಿಗೆ ತರಬೇತಿ ಕೊಟ್ಟಳು. ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅಂಥವರು ಬೋರ್ಡಿ, ಕೋಸಬಾಡಗಳ ಆದಿವಾಸಿ ಮಕ್ಕಳ ಹತ್ತಿರ ಇದೇ ವಿದ್ಯೆಯನ್ನು ಕಾಳು, ಎಲೆ, ಕಪ್ಪೆಚಿಪ್ಪಿನಲ್ಲಿ ಒಯ್ದರು. ಪೇಟೆಯಲ್ಲಿ ಉಳಿದದ್ದು ಬೋರ್ಡು ಮತ್ತು ಫೀಸು.

ಇನ್ನು ಆ ಮೊದಲಿನ ಮಕ್ಕಳು. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ೨೦೧೨ರ ತಿದ್ದುಪಡಿ, ತೀವ್ರ ಅಂಗವೈಕಲ್ಯದ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕೊಟ್ಟಿತು. ಆಯ್ಕೆ ಅನ್ನುವ ಪದ ಚೆನ್ನಾಗಿದೆ. ಮಣ್ಣಗೋಡೆಯ ಒಂದೇ ಕೋಣೆಯಲ್ಲಿ, ಅವ್ವ ಕಳೆ ಕೀಳಲು ಹೋದ ಮೇಲೆ, ಆ ಮಗು ಯಾರನ್ನು ಆಯ್ಕೆ ಮಾಡಬೇಕು? ಶಾಲೆಗೆ ಬಂದ ಮಗುವಿಗೂ ಮೊದಲು ನೆಟ್ಟಗೆ ಕೂರಲಿ, ಮೊದಲು ಮಾತು ಬರಲಿ, ಆಮೇಲೆ ಅಕ್ಷರ ನೋಡೋಣ ಅನ್ನುವವರೇ ಹೆಚ್ಚು. ಯೋಗ್ಯತೆ ಬರಲಿ, ಆಮೇಲೆ ಒಳಗೆ ಬಿಡೋಣ ಎಂಬ ಈ ರಾಗ ನಮಗೆ ಹೊಸದಲ್ಲ. ವಿಕ್ತೊರ್‌ಗೆ ಮಾತು ಬರಲೇ ಇಲ್ಲ, ಅಕ್ಷರ ಬಂತು.

ಹಳ್ಳಿ ಮೇಷ್ಟ್ರುಗಳಿಗೆ ಒಂದೆರಡು ಮಾತು. ಉಪ್ಪುಕಾಗದ ಸಂತೆಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಅದೂ ಇಲ್ಲದಿದ್ದರೆ ಗೋಂದಿನ ಮೇಲೆ ಹೊಳೆ ಮರಳು ಉದುರಿಸಿದರೆ ಆಯ್ತು. ಬೆರಳು ಆಡದ ಮಗುವಿದ್ದರೆ ಎರಡು ಅಕ್ಷರ ಎರಡು ಕಡೆ ಹಿಡಿದು, ಅದರ ಕಣ್ಣು ಯಾವ ಕಡೆ ಹೋಗುತ್ತದೆ ಕಾಯಿರಿ. ಬೇಗ ಬೇಗ ಅಂತ ಅವಸರ ಮಾಡಬೇಡಿ. ದಿನಾ ಒಂದು ಕತೆ ಓದಿ ಹೇಳಿ, ಅದು ಕೇಳುತ್ತಿದೆಯೋ ಇಲ್ಲವೋ ಎಂಬ ಪರೀಕ್ಷೆ ಬೇಡ. ಐವತ್ತು ಅಕ್ಷರ ಮುಗಿಸಿ ಕಾಗುಣಿತ ಮುಗಿಸಿ ಆಮೇಲೆ ಪದ ಅಂತ ಕೂತರೆ ಆ ಮಗುವಿನ ಆಯಸ್ಸು ಮುಗಿಯುತ್ತದೆ. ಅಗಸ, ಆಡು ಪಕ್ಕಕ್ಕಿಡಿ. ಆ ಮಗು ದಿನಾ ಕೈಚಾಚಿ ಬೇಡುವುದು ಏನನ್ನು ಅಂತ ಅದರ ಅವ್ವನನ್ನು ಕೇಳಿ. ನೀರೋ, ಮುದ್ದೆಯೋ, ಬಾಗಿಲಾಚೆಯ ಬಿಸಿಲೋ. ರಟ್ಟಿನ ಮೇಲೆ ಮೊದಲು ಅದನ್ನು ಬರೆದು, ಅದರ ಕೈಗೆಟುಕುವ ಕಡೆ ಇಡಿ.