ತಾಜ್ ಹೋಟೆಲಿನ ಬೆನ್ನು ಯಾವ ಕಡೆ?

ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಮುಂದೆ ನಿಂತರೆ, ಎದುರಿನ ತಾಜ್ ಮಹಲ್ ಹೋಟೆಲಿನ ಕತೆಯೊಂದು ಯಾರ ಬಾಯಿಂದಲಾದರೂ ಕಿವಿಗೆ ಬೀಳುತ್ತದೆ. ನಕ್ಷೆ ಬರೆದ ವಿದೇಶಿ ವಾಸ್ತುಶಿಲ್ಪಿ ರಜೆಗೆಂದು ಊರಿಗೆ ಹೋಗಿದ್ದನಂತೆ. ಮರಳಿ ಬಂದು ನೋಡಿದರೆ, ಇಲ್ಲಿನ ಕೆಲಸಗಾರರು ನಕ್ಷೆಯನ್ನು ತಿರುಗಾಮುರುಗಾ ಹಿಡಿದು, ಹೋಟೆಲಿನ ಬೆನ್ನು ಸಮುದ್ರದ ಕಡೆ ಬರುವಂತೆ ಕಟ್ಟಿಬಿಟ್ಟಿದ್ದರಂತೆ. ಆ ಸಂಕಟ ತಾಳಲಾರದೆ ಆತ ಪ್ರಾಣ ಬಿಟ್ಟನಂತೆ. ನಾನೂ ಈ ಕತೆ ಹೇಳಿ ಗೆಳೆಯರನ್ನು ನಗಿಸಿದ್ದೇನೆ. ಹೋಟೆಲಿನ ಚರಿತ್ರೆ ಓದಿದ ಮೇಲೆ ಹಾಗೆ ನಗಲು ಆಗುತ್ತಿಲ್ಲ.

ನಕ್ಷೆ ತಯಾರಿಸಿದವರು ಇಬ್ಬರು ಭಾರತೀಯರು: ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಕಟ್ಟಡ ಮುಗಿಯುವ ಮೊದಲೇ ವೈದ್ಯರು ತೀರಿಕೊಂಡರು. ಉಳಿದ ಕೆಲಸವನ್ನು ಪೂರೈಸಿದ್ದು ಇಂಗ್ಲಿಷ್ ಇಂಜಿನಿಯರ್ ಡಬ್ಲ್ಯೂ. ಎ. ಚೇಂಬರ್ಸ್.

ಇನ್ನು ದಿಕ್ಕಿನ ವಿಷಯ. 1903ರ ಡಿಸೆಂಬರ್ 16ರಂದು ಹೋಟೆಲು ಬಾಗಿಲು ತೆರೆದಾಗ ಎದುರಿಗೆ ಗೇಟ್‌ವೇ ಇರಲೇ ಇಲ್ಲ. ಅದು ಪೂರ್ಣಗೊಂಡದ್ದು 1924ರಲ್ಲಿ. ಅತಿಥಿಗಳು ಕುದುರೆಗಾಡಿಗಳಲ್ಲಿ ಊರಿನ ಕಡೆಯಿಂದ ಬರುತ್ತಿದ್ದರು. ಹಾಗಾಗಿ ಮುಖ್ಯದ್ವಾರವೂ ಆ ಕಡೆಗೇ ಇತ್ತು, ಈಗ ಈಜುಕೊಳ ಇರುವ ಜಾಗದಲ್ಲಿ. ಕಡಲ ಬದಿಯನ್ನು ಕೋಣೆಗಳಿಗೆ ಬಿಟ್ಟುಕೊಟ್ಟರು. ಹವಾನಿಯಂತ್ರಣವಿಲ್ಲದ ಕಾಲದಲ್ಲಿ ಸಮುದ್ರದ ಗಾಳಿಯ ಬೆಲೆ ಅವರಿಗೆ ಗೊತ್ತಿತ್ತು. ಮುಂದೆ ಪ್ರವೇಶದ್ವಾರ ಕಡಲ ಕಡೆಗೆ ಬದಲಾಯಿತು. ಹಳೆಯ ಬಾಗಿಲು ಜನರ ನೆನಪಿನಿಂದ ಮರೆಯಾದಂತೆ, ಯೋಚಿಸಿ ಮಾಡಿದ ವಿನ್ಯಾಸವೇ ತಪ್ಪಿನಂತೆ ಕಾಣತೊಡಗಿತು.

ಈ ಹೋಟೆಲಿಗೆ ಇನ್ನೊಂದು ಪ್ರಸಿದ್ಧ ಕತೆಯೂ ಇದೆ. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಕನಸು ಕಂಡ ಜಮ್ಶೇಟ್‌ಜಿ ಟಾಟಾ ಅವರಿಗೆ ವಾಟ್ಸನ್ ಹೋಟೆಲಿನಲ್ಲಿ ಪ್ರವೇಶ ಸಿಗಲಿಲ್ಲ, ಆ ಅವಮಾನಕ್ಕೆ ಉತ್ತರವಾಗಿ ತಾಜ್ ಕಟ್ಟಿಸಿದರು ಎಂಬುದು. ಇತಿಹಾಸಕಾರರು ಇದನ್ನೂ ಸಂಶಯದಿಂದಲೇ ನೋಡುತ್ತಾರೆ. 1896ರಲ್ಲಿ ಪ್ಲೇಗ್ ಬಂದು ಜನ ಮುಂಬಯಿ ಬಿಟ್ಟು ಓಡುತ್ತಿದ್ದರು. ಅಂಥ ಊರಿನ ಮೇಲೆ ಮತ್ತೆ ಭರವಸೆ ಮೂಡಿಸಬೇಕೆಂಬ ಹಂಬಲವೂ ಈ ಹೋಟೆಲಿನ ಹಿಂದಿತ್ತು ಎನ್ನುವವರಿದ್ದಾರೆ. ಏನೇ ಇರಲಿ, ವಾಟ್ಸನ್ ಕತೆಯಲ್ಲಿ ಸ್ವಾಭಿಮಾನವಾದರೂ ಇದೆ.

ತಿರುಗಿದ ನಕ್ಷೆಯ ಕತೆಯಲ್ಲಿ ಅದೂ ಇಲ್ಲ. ಅಲ್ಲಿ ಜಾಣ್ಮೆಯೆಲ್ಲ ಪರದೇಶದವನದು, ಪೆದ್ದುತನವೆಲ್ಲ ನಮ್ಮ ಗಾರೆ ಕೆಲಸದವರದು. ಬ್ರಿಟಿಷರು ಹೋದ ಮೇಲೂ ನಾವೇ ಇದನ್ನು ನಗುನಗುತ್ತಾ ಹೇಳಿಕೊಂಡು ಬಂದಿದ್ದೇವೆ. ಹೀಗೆ ಒಂದೊಂದು ಸಲ ಹೇಳುವಾಗಲೂ ವೈದ್ಯ, ಮಿರ್ಜಾ ಎಂಬ ಎರಡು ಹೆಸರುಗಳು ಇನ್ನಷ್ಟು ಅಳಿಸಿಹೋಗಿವೆ.

ಈಗಲೂ ಗೆಳೆಯರೊಂದಿಗೆ ಅಲ್ಲಿಗೆ ಹೋದರೆ ಕತೆ ಹೇಳುತ್ತೇನೆ. ಆದರೆ ಮೊದಲು ಅವರನ್ನು ಹೋಟೆಲಿನ ಹಿಂದಿನ ಬೀದಿಗೆ ಕರೆದುಕೊಂಡು ಹೋಗುತ್ತೇನೆ.